ಬಾಕಿ ಒಂದು ಸೇರು

ಮೌಲ್ಯಮಾಪನದ ಮೂರನೇ ದಿನ, ಮೈಸೂರು.
ಕಿಟಕಿಯಾಚೆ ಹೊಂಗೆ ಮರ, ಒಳಗೆ ಮೂವತ್ತೆರಡು ಮೇಜು,
ಮೇಜಿಗೊಂದು ಕಟ್ಟು, ಕಟ್ಟಿಗೆ ಸೆಣಬಿನ ದಾರ.
ಕೆಂಪು ಪೆನ್ನು ಮಾತ್ರ ನಾವೇ ತರಬೇಕು.

ಪ್ರಶ್ನೆ ಹದಿನೇಳು. ಹತ್ತು ಅಂಕ.
‘ಎರಡು ದ್ವೀಪರಾಷ್ಟ್ರಗಳ ನಡುವಣ
ದ್ವಿಪಕ್ಷೀಯ ಸರಕು ವ್ಯಾಪಾರವನ್ನು
ಸೂಕ್ತ ಉದಾಹರಣೆಯೊಂದಿಗೆ ವಿವರಿಸಿ.’

ಬೆಳಿಗ್ಗೆಯಿಂದ ನಲವತ್ತು ಮಂದಿ
ಅದೇ ಗೈಡಿನ ಅದೇ ಪುಟದಿಂದ
‘ಅ’ ದ್ವೀಪದ ಬಟ್ಟೆ ಕೊಟ್ಟು ‘ಬ’ ದ್ವೀಪದ ಗೋಧಿ ತಂದರು.
ನಲವತ್ತು ಸಲ ಹಡಗು ಹೊರಟಿತು, ನಲವತ್ತು ಸಲ ತಲುಪಿತು,
ಎಲ್ಲೂ ಒಂದು ಮೂಟೆ ನೆನೆಯಲಿಲ್ಲ.

ನಲವತ್ತೊಂದನೆಯದು
ಬಲಕ್ಕೆ ವಾಲಿದ ಅಕ್ಷರ, ಸೋರಿದ ನೀಲಿ ಶಾಯಿ.
ಹೆಸರಿಲ್ಲ. ಇರಕೂಡದು.

“ನಮ್ಮದು ಗಂಜಾಂ. ಎರಡೂ ಕಡೆ ಹೊಳೆ ಇರುವುದರಿಂದ
ನಮ್ಮದೂ ದ್ವೀಪವೇ, ಆದರೆ ನಾವು ಹಾಗನ್ನುವುದಿಲ್ಲ.
ನಮ್ಮಜ್ಜಿ ದ್ಯಾವಾಜಮ್ಮ. ಅವಳಕ್ಕ ಕೆಂಚಮ್ಮನನ್ನು
ಹೊಳೆ ನಡುವಿನ ಹುಣಸೆತಿಟ್ಟಿಗೆ ಕೊಟ್ಟಿತ್ತು.
ಅಲ್ಲಿ ಮೂರು ಮನೆ, ಏಳು ತೆಂಗು, ಒಂದು ನಾಯಿ.
ರಾಷ್ಟ್ರ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ.

ಇಲ್ಲಿಂದ ರಫ್ತು: ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ,
ಸೀಸನ್ನಿನಲ್ಲಿ ಅಂಜೂರ, ಮತ್ತು ಬಳೆ
(ಅಳತೆಗೆ ನೂಲು ಸುತ್ತಿ ಮೊದಲೇ ಕಳಿಸುತ್ತಿದ್ದರು).
ಅಲ್ಲಿಂದ ಆಮದು: ಹುರುಳಿ, ಬಾಳೆಎಲೆ, ಹೊಳೆಮೀನು,
ಬಾಣಂತಿ ಇದ್ದರೆ ಎಮ್ಮೆತುಪ್ಪ.
ಹರಿಗೋಲು ಅಂಕಯ್ಯನದು.
ಸುಂಕ ಹೋಗುವಾಗ ಒಂದು ಬೀಡಿ, ಬರುವಾಗ ಎರಡು,
ಯಾಕೆಂದರೆ ಬರುವಾಗ ಸೆಳವಿಗೆ ಎದುರು.
ನಮ್ಮಜ್ಜಿಯ ಸೇರು ದೊಡ್ಡದು, ದೊಡ್ಡಜ್ಜಿಯದು ನೆಗ್ಗಿದ್ದು.
ಇದರ ಬಗ್ಗೆ ಹನ್ನೊಂದು ವರ್ಷ ಮಾತುಕತೆ ನಡೆಯಿತು.

ಕನ್ನಂಬಾಡಿಯ ಗೇಟು ತೆಗೆದರೆ ವ್ಯಾಪಾರ ಬಂದ್.
ಆಗ ಹೊತ್ತು ಮುಳುಗಿದ ಮೇಲೆ
ಅಜ್ಜಿ ದಡದಲ್ಲಿ ನಿಂತು ಲಾಟೀನು ಎತ್ತುವಳು,
ಆ ಕಡೆಯೂ ಒಂದು ಏಳುವುದು.
ಇದನ್ನು ಸರಕಿನಲ್ಲಿ ಸೇರಿಸಬೇಕೋ ಸೇವೆಯಲ್ಲೋ
ಪುಸ್ತಕದಲ್ಲಿ ಕೊಟ್ಟಿಲ್ಲ.

ಲೆಕ್ಕವೆಲ್ಲ ಬಾಗಿಲ ಹಿಂದೆ, ಸುಣ್ಣದ ಗೀಟು.
ಒಂದು ಯುಗಾದಿಗೆ ದೊಡ್ಡಜ್ಜಿ
ಹಳೆಯದೆಲ್ಲ ತೀರಿಸುತ್ತೇನೆಂದು ಹುರುಳಿ ಹೊತ್ತು ಬಂದಳು.
ಅಜ್ಜಿ ಗೀಟು ಗೀಟಿಗೂ ಅಳೆದುಕೊಂಡು
ಕೊನೆಯ ಸೇರನ್ನು ಅಕ್ಕನ ಮಡಿಲಿಗೇ ಸುರಿದಳು:
‘ಇದೊಂದು ಬಾಕಿ ಇರ್ಲಿ ಕಣಕ್ಕ.
ಚುಕ್ತಾ ಮಾಡ್ಬುಟ್ರೆ
ಅಂಕಯ್ಯ ಯಾರಿಗೋಸ್ಕರ ಹುಟ್ಟು ಹಾಕ್ಬೇಕು?’

ಆದ್ದರಿಂದ ವ್ಯಾಪಾರ ಶಿಲ್ಕು ಎಂದೂ
ಸೊನ್ನೆಯಾಗಕೂಡದೆಂದು ತಿಳಿದುಬರುತ್ತದೆ.”

ಅಂಕ ಹಂಚಿಕೆಯ ಹಾಳೆ ತಿರುವಿದೆ.
ಅರ್ಥಕ್ಕೆ ಎರಡು, ಅಂಶಗಳಿಗೆ ಆರು, ಉಪಸಂಹಾರಕ್ಕೆ ಎರಡು.
ಲಾಟೀನಿಗೆ ಎಷ್ಟೆಂದು ಇರಲಿಲ್ಲ.
“ಏನ್ರೀ, ಕತೆ ಓದ್ತಾ ಕೂತ್ರಿ? ಇನ್ನೂ ಹದಿನಾಲ್ಕಿದೆ,”
ಪಕ್ಕದ ಮೇಜಿನ ಗುರುಮಲ್ಲೇಶು ಕಟ್ಟು ಬಿಗಿಯುತ್ತ ಅಂದರು.
ಒಂಬತ್ತು ಬರೆದೆ.
ಮುಖ್ಯಸ್ಥರು ಹಸಿರು ಶಾಯಿಯಲ್ಲಿ ಹೊಡೆದು ಏಳು ಮಾಡಿದರು.
“ವ್ಯಾಖ್ಯೆ ಎಲ್ಲಿ?”
ಸಹಿ ಹಾಕಿದೆ.

ಮಂಡ್ಯಕ್ಕೆ ವಾಪಸು. ಹೆದ್ದಾರಿಯ ಬಸ್ಸು ಬಿಟ್ಟು
ಊರೊಳಗೆ ನುಗ್ಗಿ ಹೋಗುವುದನ್ನು ಹತ್ತಿದೆ.
ಮೊದಲ ಸೇತುವೆ. ನೀರು ಕಮ್ಮಿ, ಬಂಡೆ ಜಾಸ್ತಿ,
ಬಂಡೆಗಳ ಮೇಲೆ ಒಗೆದ ಸೀರೆ.
ಕೆಳಗೆ ತಿಟ್ಟುಗಳು, ಒಂದರ ಹೆಸರೂ ತಿಳಿಯದು,
ಇಪ್ಪತ್ತೆರಡು ವರ್ಷದಿಂದ ಇದೇ ದಾರಿ.
ಇವುಗಳಲ್ಲಿ ಹುಣಸೆ ಮರ ಯಾವುದರಲ್ಲಿದೆ?
ಎಲ್ಲದರಲ್ಲೂ ಇದ್ದ ಹಾಗೆ ಕಂಡಿತು.

ಚಿಲ್ಲರೆ ಇಲ್ಲದ ಕಂಡಕ್ಟರು
ಟಿಕೆಟ್ಟಿನ ಬೆನ್ನಿಗೆ ಎಂಟು ಎಂದು ಬರೆದು
ಕೆಳಗೊಂದು ಗೀಟೆಳೆದು ಕೊಟ್ಟ.
ಎರಡನೇ ಸೇತುವೆಯೂ ದಾಟಿತು.

ಇಳಿದು ಹತ್ತು ಹೆಜ್ಜೆ ಹೋದ ಮೇಲೆ ನೆನಪಾಯಿತು.
ತಿರುಗಿದರೆ ಬಸ್ಸು ಹೊರಟಿತ್ತು.
ಅವನೇ ಬಾಗಿಲಿಂದ ತಲೆ ಹಾಕಿ ಕೈಯೆತ್ತಿ
ಏನೋ ಕೂಗಿದ.
ನಾಳೆ ಅಂದನೋ ಏನೋ.